ಚಕಮಕಿಯಿಂದ ಸ್ಕ್ರಮ್‌ವರೆಗೆ: ರಣರಂಗದ ಒಂದು ಪದ ಆಟದ ಮೈದಾನ ಸೇರಿದ ಬಗೆ

ಮಾನ್ಯ ಅಧ್ಯಕ್ಷರೇ, ಸಭಿಕ ಬಂಧುಗಳೇ,

‘ಗಡಿಯಲ್ಲಿ ಗುಂಡಿನ ಚಕಮಕಿ’ ಎಂಬ ತಲೆಬರಹವನ್ನು ಕಾಣದ ಕನ್ನಡ ಪತ್ರಿಕೆಯ ಓದುಗರು ಇರಲಾರರು. ಅದೇ ಪತ್ರಿಕೆಯ ಮತ್ತೊಂದು ಪುಟದಲ್ಲಿ ವಿಧಾನಸಭೆಯಲ್ಲಿ ನಡೆದ ‘ಮಾತಿನ ಚಕಮಕಿ’ಯ ವರದಿಯೂ ಇರುತ್ತದೆ. ಯುದ್ಧ ಎನ್ನುವಷ್ಟು ದೊಡ್ಡದಲ್ಲದ, ಆದರೆ ಕಿಡಿ ಹಾರುವಷ್ಟು ಬಿಸಿಯಾದ, ಬೇಗನೆ ಹತ್ತಿ ಬೇಗನೆ ಆರುವ ಘರ್ಷಣೆಗೆ ನಾವು ಈ ಹೆಸರನ್ನು ಇಟ್ಟುಕೊಂಡಿದ್ದೇವೆ. ತುರ್ಕಿ ಮೂಲದಿಂದ ಪಾರಸಿ, ಹಿಂದುಸ್ತಾನಿಗಳ ದಾರಿಯಲ್ಲಿ ನಮ್ಮಲ್ಲಿಗೆ ಬಂದ ಈ ಪದವು ಬೆಂಕಿ ಹುಟ್ಟಿಸುವ ಕಲ್ಲಿಗೂ ಹೆಸರು. ಆ ಕಲ್ಲನ್ನು ಕೋವಿಯ ಕುದುರೆಗೆ, ಅಂದರೆ ಬಡಿಯುವ ಕೊಕ್ಕೆಗೆ, ಸಿಕ್ಕಿಸಿ ಹಾರಿಸುತ್ತಿದ್ದ ಹಳೆಯ ಬಂದೂಕು ಚಕಮಕಿ ಕೋವಿ. ಇಂಗ್ಲಿಷಿನಲ್ಲಿ ಇದಕ್ಕೆ ಸಮೀಪವಾದ ಪದ ‘ಸ್ಕರ್ಮಿಶ್’. ಇಂದು ನಾನು ಮಾತನಾಡಲಿರುವುದು ಈ ಸ್ಕರ್ಮಿಶ್ ಕುರಿತು, ಮತ್ತು ಅದರ ಹೊಟ್ಟೆಯಲ್ಲಿ ಹುಟ್ಟಿ ರಗ್ಬಿ ಮೈದಾನಕ್ಕೆ ಹೋದ ‘ಸ್ಕ್ರಮ್’, ಅಮೆರಿಕನ್ ಫುಟ್‌ಬಾಲಿಗೆ ಹೋದ ‘ಸ್ಕ್ರಿಮೇಜ್’ ಎಂಬ ಎರಡು ಪದಗಳ ಕುರಿತು.

ಮೊದಲು ಸೈನಿಕರು ಈ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸಾಮಾನ್ಯರ ಮಾತಿನಲ್ಲಿ ಸ್ಕರ್ಮಿಶ್ ಎಂದರೆ ಚಿಕ್ಕ ಕಾಳಗ, ಅಷ್ಟೆ. ಸೈನ್ಯದ ಪರಿಭಾಷೆಯಲ್ಲಿ ಅದು ಒಂದು ಗೊತ್ತಾದ ಕೆಲಸದ ಹೆಸರು. ಮುಖ್ಯ ಸೇನೆ ಸಾಲುಗಟ್ಟಿ ನಿಲ್ಲುವ ಮೊದಲು ಹಗುರ ಆಯುಧಗಳ ಕೆಲವು ಪಡೆಗಳು ಅದರ ಮುಂದೆ ಚದುರಿ ಹೋಗಿ, ಪೊದೆ, ಬಂಡೆ, ಗೋಡೆಗಳ ಮರೆಯಿಂದ ಶತ್ರುವನ್ನು ಕೆಣಕಿ, ಅವನ ಅಧಿಕಾರಿಗಳನ್ನು ಹುಡುಕಿ ಹೊಡೆದು, ಅವನ ಕೆಣಕುಪಡೆ ತಮ್ಮ ಸೇನೆಯ ಹತ್ತಿರ ಸುಳಿಯದಂತೆ ತಡೆಯುತ್ತವೆ. ದೊಡ್ಡ ಸೇನೆಗಳು ಎದುರುಬದುರಾದಾಗ ಇವರು ಬದಿಗೆ ಸರಿಯುತ್ತಾರೆ ಇಲ್ಲವೇ ಹಿಂದಕ್ಕೆ ಬಂದು ಸಾಲಿನಲ್ಲಿ ಸೇರಿಕೊಳ್ಳುತ್ತಾರೆ. ಅಂದರೆ ಸ್ಕರ್ಮಿಶರ್ ಎಂಬವನ ಮೊದಲ ಲಕ್ಷಣ ಬಿಡಿಬಿಡಿಯಾಗಿ ನಿಲ್ಲುವುದು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಏಕೆಂದರೆ ಪದವು ಆಟಕ್ಕೆ ಬಂದಾಗ ಇದೇ ಲಕ್ಷಣ ತಲೆಕೆಳಗಾಯಿತು ಎಂಬುದೇ ಇವತ್ತಿನ ನನ್ನ ವಾದದ ತಿರುಳು.

ಪದದ ಬೇರು ಜರ್ಮಾನಿಕ್ ಭಾಷೆಗಳಲ್ಲಿದೆ. ಹಳೆಯ ಫ್ರಾಂಕ್ ಜನರ ನುಡಿಯಲ್ಲಿ ಕಾಪಾಡು, ಅಡ್ಡ ಹಿಡಿ ಎಂಬ ಅರ್ಥದ ಒಂದು ಧಾತುವಿತ್ತು. ಅದರ ಬಂಧುವಾದ ‘ಶಿರ್ಮ್’ ಇಂದಿನ ಜರ್ಮನ್ ಭಾಷೆಯಲ್ಲಿ ದಿನಬಳಕೆಯ ಮಾತು: ಮಳೆಗೆ ಅಡ್ಡ ಹಿಡಿಯುವ ಕೊಡೆ ‘ರೇಗನ್‌ಶಿರ್ಮ್’, ಕಂಪ್ಯೂಟರಿನ ಪರದೆ ‘ಬಿಲ್ಡ್‌ಶಿರ್ಮ್’. ಫ್ರಾಂಕರು ಆಳಿದ ಗಾಲ್ ನಾಡಿನಲ್ಲಿ, ಅಂದರೆ ಇಂದಿನ ಫ್ರಾನ್ಸಿನಲ್ಲಿ, ಈ ಧಾತು ಹಳೆಯ ಫ್ರೆಂಚ್‌ಗೆ ಸೇರಿ, ‘ಕತ್ತಿಯಿಂದ ತಡೆದು ಹೋರಾಡು’ ಎಂಬ ಅರ್ಥ ಪಡೆಯಿತು. ಅಲ್ಲಿಂದ ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದದ್ದು ಸ್ಕರ್ಮಿಶ್. ಇಟಲಿಯ ‘ಸ್ಕಾರಾಮುಚ್ಚಾ’ ಎಂಬ ರೂಪದ ನೆರಳೂ ಅದರ ಮೇಲೆ ಬಿದ್ದಿದೆ. ಸ್ಕಾರಾಮುಚ್ಚಾ ಎಂದರೆ ಚಿಕ್ಕ ಕಾಳಗ. ಇಟಲಿಯ ಮುಖವಾಡದ ಹಾಸ್ಯನಾಟಕಗಳಲ್ಲಿ ಬಾಯಿತುಂಬ ಶೌರ್ಯ ಕೊಚ್ಚಿಕೊಂಡು, ಏಟು ಬೀಳುವ ಹೊತ್ತಿಗೆ ಪಾರಾಗುವ ಕಪ್ಪು ಉಡುಪಿನ ಪಾತ್ರಕ್ಕೂ ಅದೇ ಹೆಸರು. ಹದಿನೇಳನೆಯ ಶತಮಾನದಲ್ಲಿ ಟಿಬೇರಿಯೊ ಫಿಯೊರಿಲ್ಲಿ ಎಂಬ ನಟ ಈ ಪಾತ್ರದಿಂದಲೇ ಪ್ಯಾರಿಸ್‌ನಲ್ಲಿ ಮನೆಮಾತಾಗಿದ್ದ. ಕೆಣಕಿ ಓಡುವ ಸೈನಿಕನನ್ನು ರಂಗಭೂಮಿ ಹೇಗೆ ಕಂಡಿತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಕೆಣಕಿ ಓಡುವುದನ್ನು ಹೇಡಿತನ ಎಂದುಕೊಂಡವರು ಅದರ ಬೆಲೆ ತೆತ್ತದ್ದೂ ಉಂಟು. ಕ್ರಿಸ್ತಪೂರ್ವ 425ರಲ್ಲಿ ಗ್ರೀಸಿನ ಪೈಲೋಸ್ ಬಳಿಯ ಸ್ಫಾಕ್ಟೀರಿಯಾ ಎಂಬ ಪುಟ್ಟ ದ್ವೀಪದಲ್ಲಿ 420 ಮಂದಿ ಸ್ಪಾರ್ಟನ್ ಪಡೆಯ ಭಾರಿ ಕಾಲಾಳುಗಳು ಸಿಕ್ಕಿಬಿದ್ದರು. ಗುರಾಣಿಗೆ ಗುರಾಣಿ ತಾಗಿಸಿ ನಿಂತರೆ ಎದುರಿಸುವವರೇ ಇಲ್ಲ ಎಂಬ ಕೀರ್ತಿ ಅವರದು. ಅಥೆನ್ಸಿನ ಸೇನಾನಿಗಳಾದ ಡೆಮೊಸ್ತನೀಸ್ ಮತ್ತು ಕ್ಲಿಯಾನ್ ಅವರೊಡನೆ ಹಾಗೆ ನಿಂತು ಹೋರಾಡಲೇ ಇಲ್ಲ. ಬಿಲ್ಲುಗಾರರನ್ನೂ ಈಟಿ ಎಸೆಯುವವರನ್ನೂ ದಿಬ್ಬಗಳ ಮೇಲೆ ಚದುರಿಸಿ ನಿಲ್ಲಿಸಿದರು. ಸ್ಪಾರ್ಟನ್ನರು ಮುನ್ನುಗ್ಗಿದರೆ ಇವರು ಹಿಂದಕ್ಕೆ ಓಡುವರು. ಅವರು ಹಿಂದಿರುಗಿದರೆ ಬೆನ್ನ ಹಿಂದೆಯೇ ಬಂದು ಬಾಣ ಬಿಡುವರು. ಸ್ವಲ್ಪ ಮುಂಚೆ ಸುಟ್ಟುಹೋಗಿದ್ದ ಕಾಡಿನ ಬೂದಿ ಕಾಲ್ತುಳಿತಕ್ಕೆ ಮೇಲೆದ್ದು ಕಣ್ಣು ಕಾಣದಾಯಿತು, ಗದ್ದಲದಲ್ಲಿ ಅಪ್ಪಣೆಗಳು ಕೇಳದಾದವು. ಕೊನೆಗೆ 292 ಮಂದಿ ಶರಣಾದರು. ಅವರಲ್ಲಿ ಸುಮಾರು 120 ಮಂದಿ ಅಪ್ಪಟ ಸ್ಪಾರ್ಟದ ಪ್ರಜೆಗಳು. ಸ್ಪಾರ್ಟದವರು ಶರಣಾಗುವುದೆಂದರೇನು ಎಂದು ಇಡೀ ಗ್ರೀಸ್ ಬೆರಗಾಯಿತು. ಸತ್ತವರು ಮಾತ್ರ ವೀರರೇ ಎಂದು ಯಾರೋ ಸೆರೆಯಾಳೊಬ್ಬನನ್ನು ಚುಚ್ಚಿ ಕೇಳಿದಾಗ, ವೀರರನ್ನು ಆರಿಸಿ ಹೊಡೆಯಬಲ್ಲ ಬಾಣವಿದ್ದರೆ ಅದು ಬಹಳ ಬೆಲೆಬಾಳುತ್ತಿತ್ತು ಎಂದು ಅವನು ಉತ್ತರಿಸಿದನೆಂದು ಇತಿಹಾಸಕಾರ ಥುಸಿಡೈಡಿಸ್ ಬರೆದಿಟ್ಟಿದ್ದಾನೆ.

ರೋಮನ್ನರು ಇದೇ ಕೆಲಸಕ್ಕೆ ‘ವೆಲೈಟ್’ ಎಂಬ ಎಳೆಯ, ಬಡ ಸೈನಿಕರನ್ನು ಲೀಜನ್ ಎಂಬ ತಮ್ಮ ದೊಡ್ಡ ಸೇನಾದಳದ ಮುಂದೆ ಕಳುಹಿಸುತ್ತಿದ್ದರು. ಅಲ್ಲಿಂದ ಮುಂದಿನ ಕಾಲವನ್ನು ನಾನು ದಾಟಿಬಿಡುತ್ತೇನೆ, ಏಕೆಂದರೆ ಸ್ಕರ್ಮಿಶ್ ಎಂಬುದು ಅಭ್ಯಾಸದಿಂದ ಕಲಿಸಬಹುದಾದ ವಿದ್ಯೆ ಎಂದು ಯುರೋಪಿನ ಸೇನೆಗಳು ಗಟ್ಟಿಯಾಗಿ ಒಪ್ಪಿಕೊಂಡದ್ದು ನೆಪೋಲಿಯನ್ನನ ಕಾಲದಲ್ಲಿ. ಫ್ರೆಂಚರಲ್ಲಿ ‘ತಿರಾಯ್ಯರ್’, ‘ವೊಲ್ತಿಜರ್’ ಎಂಬ ಕೆಣಕುಪಡೆಗಳಿದ್ದವು. ಅವರಿಗೆ ಉತ್ತರವಾಗಿ ಬ್ರಿಟಿಷರು 1800ರಲ್ಲಿ ಪ್ರಯೋಗಾರ್ಥವಾಗಿ ಒಂದು ರೈಫಲ್ ಪಡೆಯನ್ನು ಕಟ್ಟಿದರು. ಅದೇ ಮುಂದೆ 95ನೆಯ ರೈಫಲ್ಸ್ ರೆಜಿಮೆಂಟ್ ಆಯಿತು. ಉಳಿದ ಸೇನೆ ಕೆಂಪು ಕೋಟು ತೊಟ್ಟರೆ ಇವರದು ಕಡು ಹಸಿರು. ಉಳಿದವರಿಗೆ ನಗಾರಿ, ಇವರಿಗೆ ಕಹಳೆ ಮತ್ತು ಶಿಳ್ಳೆ. ಉಳಿದವರ ಮಸ್ಕೆಟ್ ಕೋವಿ ನೂರು ಗಜದ ಆಚೆ ಗುರಿಯನ್ನು ಅದೃಷ್ಟಕ್ಕೆ ಬಿಡುತ್ತಿದ್ದರೆ, ಇವರ ಕೈಯ ಬೇಕರ್ ರೈಫಲ್ಲಿನ ನಳಿಕೆಯೊಳಗೆ ತಿರುಪು ಗೀರುಗಳಿದ್ದುದರಿಂದ ಇನ್ನೂರು ಗಜದ ದೂರದಲ್ಲೂ ಆರಿಸಿಕೊಂಡ ಮನುಷ್ಯನಿಗೇ ಗುಂಡು ತಾಗುತ್ತಿತ್ತು. ಆ ಗೀರುಗಳ ಕಾರಣಕ್ಕೇ ಗುಂಡು ತುಂಬುವುದು ನಿಧಾನವಾಗುತ್ತಿತ್ತು. ಆದ್ದರಿಂದ ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬನು ಹಾರಿಸಿದಾಗ ಮತ್ತೊಬ್ಬನ ಕೋವಿ ತುಂಬಿಯೇ ಇರಬೇಕೆಂಬ ಕಟ್ಟುನಿಟ್ಟನ್ನು ಇಟ್ಟಿದ್ದರು. ಇಬ್ಬರ ಕೋವಿಯೂ ಏಕಕಾಲಕ್ಕೆ ಬರಿದಾಗಬಾರದು. ಭುಜಕ್ಕೆ ಭುಜ ತಾಗಿಸಿ ಅಪ್ಪಣೆಯಂತೆ ಗುಂಡು ಹಾರಿಸುವ ಸೈನಿಕನಿಗೆ ಬೇಡವಾದ ಒಂದು ಗುಣ, ಸ್ವಂತ ಬುದ್ಧಿ, ಈ ಜೋಡಿಗಳಿಗೆ ಬೇಕಾಗಿತ್ತು.

ನಮ್ಮ ನೆಲದಲ್ಲೂ ಈ ವಿದ್ಯೆಯ ಪೆಟ್ಟನ್ನು ಬ್ರಿಟಿಷರು ಉಂಡಿದ್ದರು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ. ಆದರೂ ಮುತ್ತಿಗೆ ಹಾಕಲಾಗದೆ, ತಾನು ಅಷ್ಟು ದೂರ ಎಳೆದು ತಂದ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಮೇವು ಸುಟ್ಟುಹೋಗಿತ್ತು, ಎತ್ತುಗಳು ಸತ್ತಿದ್ದವು, ಆಹಾರ ಮುಗಿದಿತ್ತು. ಮೈಸೂರಿನ ಹಗುರ ಕುದುರೆ ಸವಾರರು ಸುತ್ತಲ ದಾರಿಗಳನ್ನು ಎಷ್ಟು ಚೆನ್ನಾಗಿ ಮುಚ್ಚಿದ್ದರೆಂದರೆ, ನೆರವಿಗೆ ಬರುತ್ತಿದ್ದ ಮರಾಠರ ದೊಡ್ಡ ಸೇನೆ ಕೆಲವೇ ಹರದಾರಿ ದೂರದಲ್ಲಿದ್ದರೂ ಆ ಸುದ್ದಿ ಕಾರ್ನ್‌ವಾಲಿಸನಿಗೆ ಮುಟ್ಟಿರಲಿಲ್ಲ. ಮೇಲುಕೋಟೆಯ ಸಮೀಪ ಮರಾಠಾ ಸವಾರರು ಕಾಣಿಸಿಕೊಂಡಾಗ ಬ್ರಿಟಿಷರು ಅವರನ್ನು ಟಿಪ್ಪುವಿನ ಕುದುರೆಗಳೆಂದೇ ಎಣಿಸಿದರು. ಅರಕೆರೆಯ ಯುದ್ಧವನ್ನು ಗೆದ್ದವನು ಅದರ ಹಿಂದುಮುಂದಿನ ಚಕಮಕಿಗಳಲ್ಲಿ ಸೋತಿದ್ದ ಎಂದೇ ನಾನು ಈ ಪ್ರಸಂಗವನ್ನು ಓದುತ್ತೇನೆ.

ಇನ್ನು ಆಟಕ್ಕೆ ಬರೋಣ. ಹದಿನೈದನೆಯ ಶತಮಾನದಿಂದಲೇ ಇಂಗ್ಲಿಷರ ಬಾಯಲ್ಲಿ ಸ್ಕರ್ಮಿಶ್ ಪದದ ರಕಾರ ಜಾಗ ಬದಲಿಸಿತ್ತು. ವೈಯಾಕರಣರು ವರ್ಣಪಲ್ಲಟ ಎನ್ನುವುದು ಇದನ್ನೇ. ಅದರಿಂದ ‘ಸ್ಕ್ರಿಮೇಜ್’, ಮುಂದೆ ಅದರ ಇನ್ನೊಂದು ಉಚ್ಚಾರವಾಗಿ ‘ಸ್ಕ್ರಮೇಜ್’ ಬಂದವು. ಇವುಗಳ ಅರ್ಥ ಕ್ರಮೇಣ ರಣರಂಗದಿಂದ ಬೀದಿಗೆ ಇಳಿದು, ಗುಂಪುಗುಂಪಾಗಿ ಮೇಲೆ ಬಿದ್ದು ಮಾಡುವ ಗಲಾಟೆ, ನೂಕುನುಗ್ಗಲು ಎಂದಾಯಿತು. ಇಂಗ್ಲೆಂಡಿನ ರಗ್ಬಿ ಎಂಬ ಊರಿನ ಶಾಲೆಯ ಹುಡುಗರು ಚೆಂಡಿನ ಸುತ್ತ ಮುಗಿಬಿದ್ದು ತಳ್ಳಾಡುತ್ತಿದ್ದುದಕ್ಕೆ ಈ ಬೀದಿಯ ಅರ್ಥವೇ ತಕ್ಕುದಾಗಿತ್ತು. 1845ರಲ್ಲಿ ಆ ಶಾಲೆಯ ಹಿರಿಯ ವಿದ್ಯಾರ್ಥಿಗಳು ತಮ್ಮ ಆಟದ ನಿಯಮಗಳನ್ನು ಮೊದಲ ಸಲ ಬರೆದಿಟ್ಟರು. 1871ರಲ್ಲಿ ರಗ್ಬಿ ಫುಟ್‌ಬಾಲ್ ಯೂನಿಯನ್ ಸ್ಥಾಪನೆಯಾಗಿ ನಿಯಮಗಳನ್ನು ರೂಪಿಸಿದಾಗ ಸ್ಕ್ರಮೇಜಿಗೆ ಒಂದು ವ್ಯಾಖ್ಯೆಯೇ ದೊರೆಯಿತು: ಚೆಂಡು ಹಿಡಿದವನು ಅದನ್ನು ತನ್ನ ಮುಂದೆ ನೆಲಕ್ಕಿಡುತ್ತಾನೆ, ಎರಡೂ ಕಡೆಯವರು ಅದರ ಸುತ್ತ ಒತ್ತಿ ಬಂದು ಎದುರಾಳಿಗಳನ್ನು ಹಿಂದಕ್ಕೆ ತಳ್ಳುತ್ತಾ, ಚೆಂಡನ್ನು ಒದೆಯುತ್ತಾ ಎದುರಿನ ಗೋಲ್ ಗೆರೆಯತ್ತ ಸಾಗಿಸಲು ಯತ್ನಿಸುತ್ತಾರೆ. ಅದೇ ವರ್ಷದ ಮಾರ್ಚ್ 27ರಂದು ಎಡಿನ್‌ಬರೊದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ನಡೆದ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ ಒಂದೊಂದು ಕಡೆಗೆ ಇಪ್ಪತ್ತು ಮಂದಿ ಆಡಿದರು. ಬಹುಪಾಲು ಆಟಗಾರರು ಚೆಂಡೇ ಕಾಣದ ಈ ರಾಶಿಯೊಳಗೇ ಹೊತ್ತು ಕಳೆಯುತ್ತಿದ್ದ ಕಾಲ ಅದು. 1877ರಲ್ಲಿ ಸಂಖ್ಯೆ ಹದಿನೈದಕ್ಕೆ ಇಳಿಯಿತು. ಸ್ಕ್ರಮೇಜ್ ಮೊಟಕಾಗಿ ‘ಸ್ಕ್ರಮ್’ ಆದದ್ದು ಆ ಶತಮಾನದ ಕೊನೆಯ ಭಾಗದಲ್ಲಿ.

ಇಂದಿನ ಸ್ಕ್ರಮನ್ನು ಹತ್ತಿರದಿಂದ ನೋಡಿದವರಿಗೆ ಅದರಲ್ಲಿ ಗಲಾಟೆಯ ಲವಲೇಶವೂ ಉಳಿದಿಲ್ಲವೆಂದು ತಿಳಿಯುತ್ತದೆ. ಚೆಂಡನ್ನು ಮುಂದಕ್ಕೆ ಬೀಳಿಸಿದಂತಹ ಸಣ್ಣ ತಪ್ಪಿನ ನಂತರ ಆಟವನ್ನು ಮತ್ತೆ ಆರಂಭಿಸಲು ರೆಫರಿ ಒಂದು ಸ್ಥಳವನ್ನು ತೋರಿಸುತ್ತಾನೆ. ಅಲ್ಲಿ ಒಂದೊಂದು ತಂಡದಿಂದ ಎಂಟೆಂಟು ಮಂದಿ ಮೂರು ಸಾಲಾಗಿ ಹೆಣೆದುಕೊಳ್ಳುತ್ತಾರೆ. ಮುಂದಿನ ಸಾಲಿನಲ್ಲಿ ಎರಡು ಕಡೆ ‘ಪ್ರಾಪ್’ ಎಂಬ ಆಧಾರಸ್ತಂಭಗಳು, ನಡುವೆ ಅವರ ಹೆಗಲಿಗೆ ತೋಳು ಹಾಕಿ ನಿಂತ ‘ಹುಕರ್’. ಅವರ ಹಿಂದೆ ಇಬ್ಬರು ‘ಲಾಕ್’ಗಳು ಮುಂದಿನವರ ಸೊಂಟದ ಸಂದುಗಳಲ್ಲಿ ತಲೆ ತೂರಿಸಿ ಭುಜ ಕೊಡುತ್ತಾರೆ, ಅತ್ತಿತ್ತ ಇಬ್ಬರು ‘ಫ್ಲ್ಯಾಂಕರ್’ಗಳು, ತುದಿಯಲ್ಲಿ ಎಂಟನೆಯವನು. ಸೇನೆಯ ಪಕ್ಕವನ್ನು ಹೇಳುವ ‘ಫ್ಲ್ಯಾಂಕ್’ ಕೂಡ ಇಲ್ಲಿ ಸದ್ದಿಲ್ಲದೆ ಬಂದು ಸೇರಿರುವುದನ್ನು ಗಮನಿಸಿ. ರೆಫರಿ ಮೂರು ಅಪ್ಪಣೆಗಳನ್ನು ಕೊಡುತ್ತಾನೆ: ‘ಕ್ರೌಚ್’ ಎಂದರೆ ಬಾಗಬೇಕು, ‘ಬೈಂಡ್’ ಎಂದರೆ ಪ್ರಾಪ್‌ಗಳು ಎದುರಿನವರ ಜೆರ್ಸಿಯನ್ನು ಹಿಡಿಯಬೇಕು, ‘ಸೆಟ್’ ಎಂದಾಗ ಎರಡು ಗುಂಪುಗಳು ಒಂದಕ್ಕೊಂದು ಸೇರಬೇಕು. ಆಮೇಲೆ ಒಂಬತ್ತನೆಯ ಸಂಖ್ಯೆಯ ಆಟಗಾರ ಚೆಂಡನ್ನು ನಡುವಿನ ಸುರಂಗಕ್ಕೆ ಉರುಳಿಸುತ್ತಾನೆ, ಹುಕರ್ ಅದನ್ನು ಕಾಲಿನಿಂದ ಹಿಂದಕ್ಕೆ ಎಳೆಯುತ್ತಾನೆ. ಅಂತರರಾಷ್ಟ್ರೀಯ ಮಟ್ಟದ ಒಂದು ಗುಂಪಿನ ಒಟ್ಟು ತೂಕ ಸುಮಾರು ಒಂಬೈನೂರು ಕಿಲೋ.

ಈ ಅಪ್ಪಣೆಗಳು ಈ ರೂಪಕ್ಕೆ ಬಂದದ್ದು 2013ರಲ್ಲಿ. ಅದಕ್ಕೆ ಮೊದಲು ಎರಡು ಗುಂಪುಗಳು ದೂರದಿಂದ ರಭಸವಾಗಿ ಡಿಕ್ಕಿ ಹೊಡೆಯುತ್ತಿದ್ದವು. ಸ್ಕ್ರಮ್ ಕುಸಿದಾಗ ಮುಂದಿನ ಸಾಲಿನವರ ಕುತ್ತಿಗೆಗೂ ಬೆನ್ನುಹುರಿಗೂ ಆಗುವ ಅಪಾಯ ಎಂಥದೆಂಬುದು ಅನುಭವದಿಂದ ತಿಳಿದ ಮೇಲೆ, ಮೊದಲು ಹಿಡಿ, ಆಮೇಲೆ ತಳ್ಳು ಎಂಬ ಕ್ರಮ ಜಾರಿಗೆ ಬಂತು. ಹತ್ತೊಂಬತ್ತರ ಒಳಗಿನವರ ಪಂದ್ಯಗಳಲ್ಲಿ ಒಂದೂವರೆ ಮೀಟರಿಗಿಂತ ಹೆಚ್ಚು ತಳ್ಳುವಂತಿಲ್ಲ. ಮುಂದಿನ ಸಾಲಿನ ತರಬೇತಿ ಪಡೆದವರು ಗಾಯಗೊಂಡು ಬದಲಿಗಳಿಲ್ಲದಿದ್ದರೆ ತಳ್ಳಾಟವಿಲ್ಲದ ಸ್ಕ್ರಮ್ ಮಾತ್ರ ನಡೆಯಬೇಕು. ರಗ್ಬಿ ಲೀಗ್ ಎಂಬ ಸೋದರ ಆಟದಲ್ಲಂತೂ ಸ್ಕ್ರಮಿನ ತಳ್ಳಾಟ ಬಹುತೇಕ ಹೆಸರಿಗಷ್ಟೇ ಉಳಿದಿದೆ.

ಈಗ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ರಣರಂಗದ ಸ್ಕರ್ಮಿಶರ್ ಸಾಲನ್ನು ಬಿಟ್ಟು ಚದುರಿದವನು. ರಗ್ಬಿಯ ಸ್ಕ್ರಮಿನಲ್ಲಿರುವವನು ಉಸಿರಾಡಲೂ ಎಡೆಯಿಲ್ಲದಂತೆ ಹೆಣೆದುಕೊಂಡವನು. ಸ್ಫಾಕ್ಟೀರಿಯಾದಲ್ಲಿ ಸೋತ, ಗುರಾಣಿಗೆ ಗುರಾಣಿ ತಾಗಿಸಿದ ಸಾಲಿಗೇ ಸ್ಕ್ರಮ್ ಹೆಚ್ಚು ಹತ್ತಿರ. ಸೈನ್ಯದ ಪದ ಆಟಕ್ಕೆ ಬಂದಿತೆಂದು ಹೇಳುವಾಗ ನಾವು ಸಾಮಾನ್ಯವಾಗಿ ಸೈನಿಕನ ತಂತ್ರವೂ ಜೊತೆಗೆ ಬಂದಿತೆಂದು ಭಾವಿಸುತ್ತೇವೆ. ಇಲ್ಲಿ ಹಾಗಾಗಲಿಲ್ಲ. ಶಾಲೆಯ ಹುಡುಗರು ಎತ್ತಿಕೊಂಡದ್ದು ಸೇನಾಧಿಕಾರಿಗಳ ಪರಿಭಾಷೆಯನ್ನಲ್ಲ. ಅದು ಊರ ಬಾಯಲ್ಲಿ ಸವೆದು ನೂಕುನುಗ್ಗಲು ಎಂಬ ಅರ್ಥಕ್ಕೆ ಇಳಿದ ಮೇಲೆ ಎತ್ತಿಕೊಂಡರು. ಆಟದ ಮಾತುಗಳಲ್ಲೆಲ್ಲ ಯುದ್ಧವನ್ನು ಹುಡುಕುವ ಉತ್ಸಾಹಿಗಳು ಈ ನಡುವಿನ ಮೆಟ್ಟಿಲನ್ನು ಹಾರಿಬಿಡುತ್ತಾರೆಂಬುದು ನನ್ನ ಆಕ್ಷೇಪ.

ಸೈನಿಕರು ಈ ಆಟದಿಂದ ದೂರವಿದ್ದರೆಂದು ಇದರ ಅರ್ಥವಲ್ಲ. ಭಾರತಕ್ಕೆ ರಗ್ಬಿ ಬಂದು ನೆಲೆಯೂರಲು ನೋಡಿದ್ದು ವ್ಯಾಪಾರಿಗಳ ಜೊತೆಗೆ ಬ್ರಿಟಿಷ್ ರೆಜಿಮೆಂಟುಗಳ ಬಲದಿಂದಲೇ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿ ಒಂದು ಪಂದ್ಯ ನಡೆಯಿತು, ಮರುವರ್ಷ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ರೆಜಿಮೆಂಟು ಬೇರೆಡೆಗೆ ಹೋದ ಮೇಲೆ, ಬಂಗಾಳದ ಸೆಕೆಯಲ್ಲಿ ಟೆನಿಸ್ ಮತ್ತು ಪೋಲೊ ಹೆಚ್ಚು ಹಿತವೆನಿಸಿ, ಕ್ಲಬ್ಬು ಕೆಲವೇ ವರ್ಷಗಳಲ್ಲಿ ಮುಚ್ಚಿತು. ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು 270 ಬೆಳ್ಳಿ ರೂಪಾಯಿಗಳಾಗಿ ಪಡೆದು, ಕರಗಿಸಿ, ನಾಗರಹಾವಿನ ಮೂರು ಹಿಡಿಕೆಗಳೂ ಮುಚ್ಚಳದ ಮೇಲೊಂದು ಆನೆಯೂ ಇರುವ ಬಟ್ಟಲನ್ನು ಮಾಡಿಸಿದರು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಸ್ಪರ್ಧಿಸುತ್ತಿರುವ ಕಲ್ಕತ್ತಾ ಕಪ್ ಅದೇ.

ಅಮೆರಿಕದಲ್ಲಿ ಇದೇ ಪದ ಬೇರೆ ದಾರಿ ಹಿಡಿಯಿತು. ಅಲ್ಲಿನ ಕಾಲೇಜುಗಳು ರಗ್ಬಿಯನ್ನು ಆಡತೊಡಗಿದಾಗ ಸ್ಕ್ರಮಿನಿಂದ ಚೆಂಡು ಯಾರ ಕಡೆಗೆ ಹೊರಬರುವುದೋ ಹೇಳುವಂತಿರಲಿಲ್ಲ. ಈ ಅನಿಶ್ಚಿತತೆಯನ್ನು ಒಪ್ಪದ ಯೇಲ್ ಕಾಲೇಜಿನ ವಾಲ್ಟರ್ ಕ್ಯಾಂಪ್ ಎಂಬ ಇಪ್ಪತ್ತೊಂದರ ತರುಣ 1880ರ ನಿಯಮಸಭೆಯಲ್ಲಿ ಹೊಸ ಸೂಚನೆಯನ್ನು ಮಂಡಿಸಿದ. ಚೆಂಡು ಒಂದು ತಂಡದ್ದೇ ಎಂದು ಮೊದಲೇ ನಿಶ್ಚಯವಾಗಿರಬೇಕು, ಆ ತಂಡದ ಒಬ್ಬನು ಅದನ್ನು ಹಿಂದೆ ನಿಂತು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನಿಗೆ ದಾಟಿಸಿದಾಗಲೇ ಆಟ ಶುರುವಾಗಬೇಕು. ಆಟಗಾರರ ಸಂಖ್ಯೆಯೂ ಹನ್ನೊಂದಾಯಿತು. ಎರಡು ತಂಡಗಳು ಎದುರುಬದುರು ನಿಲ್ಲುವ ಆ ಕಾಣದ ಗೆರೆಯೇ ‘ಲೈನ್ ಆಫ್ ಸ್ಕ್ರಿಮೇಜ್’.

ಹೊಸ ನಿಯಮದಿಂದ ಹೊಸ ತೊಂದರೆಯೂ ಹುಟ್ಟಿತು. ಚೆಂಡು ನಮ್ಮದೇ ಎಂದಾದ ಮೇಲೆ ಬಿಟ್ಟುಕೊಡುವುದೇಕೆ? 1881ರಲ್ಲಿ ಯೇಲ್ ಮತ್ತು ಪ್ರಿನ್ಸ್‌ಟನ್ ಆಡಿದಾಗ ಒಂದು ತಂಡ ಮೊದಲ ಅರ್ಧ ಪೂರ್ತಿ, ಮತ್ತೊಂದು ಉಳಿದರ್ಧ ಪೂರ್ತಿ ಚೆಂಡನ್ನು ಅಪ್ಪಿಕೊಂಡು ಕುಳಿತವು. ಫಲಿತಾಂಶ ಸೊನ್ನೆ ಸೊನ್ನೆ. ಮರುವರ್ಷವೇ, ಮೂರು ಯತ್ನಗಳಲ್ಲಿ ಐದು ಗಜ ಮುನ್ನಡೆಯದಿದ್ದರೆ ಚೆಂಡು ಎದುರಾಳಿಗೆ ಎಂಬ ನಿಯಮ ಬಂತು. ಇಂದಿನ ನಾಲ್ಕು ಯತ್ನ, ಹತ್ತು ಗಜದ ಲೆಕ್ಕಕ್ಕೆ ಮೂಲ ಅದು. ಆ ಗಜಗಳನ್ನು ಅಳೆಯಲು ಮೈದಾನದ ತುಂಬ ಗೆರೆ ಎಳೆದದ್ದರಿಂದಲೇ ಅದಕ್ಕೆ ಗ್ರಿಡ್‌ಐರನ್, ಅಂದರೆ ಸುಡುವ ಕಂಬಿಜಾಲರಿ, ಎಂಬ ಅಡ್ಡಹೆಸರು ಬಂತು. ಇಲ್ಲಿ ನನಗೆ ಸ್ವಾರಸ್ಯವಾಗಿ ಕಾಣುವುದು ಇದು: ಗೆರೆಯ ಮೇಲೆ ನಿಂತ ಐವರು ದಢೂತಿ ಆಟಗಾರರ ಮುಖ್ಯ ಕೆಲಸಗಳಲ್ಲೊಂದು ಹಿಂದಿರುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಪಾಡುವುದು. ಅಂದರೆ ಫ್ರಾಂಕರ ಧಾತುವಿನಲ್ಲಿದ್ದ ‘ಅಡ್ಡ ಹಿಡಿ’ ಎಂಬ ಅರ್ಥ, ಯಾರೂ ಉದ್ದೇಶಿಸದೆಯೇ, ಅದೇ ಪದದ ಗೆರೆಯ ಮೇಲೆ ಮತ್ತೆ ನಿಜವಾಗಿದೆ. ಅಮೆರಿಕನ್ನರು ಅಭ್ಯಾಸ ಪಂದ್ಯಕ್ಕೂ ಸ್ಕ್ರಿಮೇಜ್ ಎನ್ನುತ್ತಾರೆ. ಬಾಸ್ಕೆಟ್‌ಬಾಲ್ ತರಬೇತುದಾರರಿಂದ ಆ ಮಾತನ್ನು ನಮ್ಮವರೂ ಕೇಳಿರಬಹುದು.

ಅದೇ ಧಾತುವಿನ ಮತ್ತೊಂದು ಕವಲು ದಾರಿ ತಪ್ಪದೆ ನೇರವಾಗಿ ಆಟಕ್ಕೆ ಬಂದಿದೆ. ಫ್ರೆಂಚರು ಕತ್ತಿವರಸೆಗೆ ಇಂದಿಗೂ ‘ಎಸ್ಕ್ರೀಮ್’ ಎನ್ನುತ್ತಾರೆ. 1913ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಫೆನ್ಸಿಂಗ್ ಒಕ್ಕೂಟದ ಅಧಿಕೃತ ಹೆಸರಿನಲ್ಲಿರುವುದೂ ಅದೇ ಪದ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೇಬರ್ ಎಂಬ ಕತ್ತಿ ಹಿಡಿದು ಕಣಕ್ಕಿಳಿದು, ಈ ಕ್ರೀಡೆಯಲ್ಲಿ ಒಲಿಂಪಿಕ್ಸ್ ತಲುಪಿದ ಮೊದಲ ಭಾರತೀಯರೆನಿಸಿದ ತಮಿಳುನಾಡಿನ ಭವಾನಿ ದೇವಿಯವರ ಆಟವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ತಡೆದು ತಿರುಗಿ ಹೊಡೆಯುವ ಆ ವರಸೆಯಲ್ಲಿ ಪದದ ಹಳೆಯ ಅರ್ಥ ಕೂದಲೆಳೆಯಷ್ಟೂ ಕೊಂಕಿಲ್ಲ.

ಕೊನೆಯದಾಗಿ, ಭಾಷಣದ ನಂತರ ಸಭಿಕರೊಬ್ಬರು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದಿನವೂ ನಡೆಯುವ ‘ಸ್ಕ್ರಮ್’ ಸಭೆಗೂ ಇದಕ್ಕೂ ನಂಟಿದೆಯೇ ಎಂದು ಅವರು ಕೇಳಿದರು. ನಂಟು ನೇರವಾಗಿದೆ. 1986ರಲ್ಲಿ ಜಪಾನಿನ ಹಿರೊತಾಕಾ ತಾಕೆಯುಚಿ ಮತ್ತು ಇಕುಜಿರೊ ನೊನಾಕಾ ಎಂಬ ವಿದ್ವಾಂಸರು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಹೊಸ ಉತ್ಪನ್ನವನ್ನು ರೂಪಿಸುವಾಗ ಒಂದು ವಿಭಾಗ ತನ್ನ ಕೆಲಸ ಮುಗಿಸಿ ಮುಂದಿನ ವಿಭಾಗಕ್ಕೆ ರಿಲೇ ಓಟದಂತೆ ದಾಟಿಸುವ ಬದಲು, ಇಡೀ ತಂಡ ರಗ್ಬಿಯವರಂತೆ ಚೆಂಡನ್ನು ಹಿಂದೆಮುಂದೆ ಕೊಡುತ್ತಾ ಒಟ್ಟಾಗಿ ಸಾಗಬೇಕೆಂಬುದು ಅವರ ವಾದ. ಅದನ್ನು ಓದಿ ಪ್ರಭಾವಿತರಾದ ಜೆಫ್ ಸದರ್‌ಲ್ಯಾಂಡ್ 1993ರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಈ ಹೆಸರನ್ನು ತಂದರು. 1995ರಲ್ಲಿ ಅವರೂ ಕೆನ್ ಶ್ವೇಬರ್ ಅವರೂ ಈ ಪದ್ಧತಿಯನ್ನು ವಿದ್ವತ್ ಸಮ್ಮೇಳನವೊಂದರಲ್ಲಿ ಮಂಡಿಸಿದರು. ದಿನದ ಸಭೆ ಹದಿನೈದು ನಿಮಿಷ ಮೀರಬಾರದೆಂಬುದು ಆ ಪದ್ಧತಿಯ ನಿಯಮ. ಪಾಲನೆ ಎಷ್ಟರಮಟ್ಟಿಗೆ ಎಂಬುದನ್ನು ಅಲ್ಲಿ ಕೆಲಸ ಮಾಡುವವರೇ ಹೇಳಬೇಕು. ಸಭೆಯಲ್ಲಿದ್ದ ಕೆಲವರು ನಕ್ಕಿದ್ದನ್ನಂತೂ ನಾನು ಗಮನಿಸಿದೆ. ಅದೇ ಪ್ರಶ್ನೆಯ ಬಾಲದಲ್ಲಿ, SCRUM ಎಂಬ ಆ ಐದು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿದರೆ ಯಾವ ಐದು ಪದಗಳಾಗುತ್ತವೆ ಎಂದೂ ಅವರು ಕೇಳಿದ್ದರು. ಕಚೇರಿಯ ಕಾಗದಪತ್ರಗಳಲ್ಲಿ ಅದನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆಯುವವರು ಇರುವುದರಿಂದ ಈ ಅನುಮಾನ ಹಲವರಲ್ಲಿದೆ. ಆ ಐದು ಅಕ್ಷರಗಳ ಹಿಂದೆ ಐದು ಪದಗಳಿಲ್ಲ. ಇರುವುದು ರಗ್ಬಿಯವರು ಸ್ಕ್ರಮೇಜಿನ ಬಾಲ ಕತ್ತರಿಸಿ ಉಳಿಸಿಕೊಂಡ ಒಂದೇ ಪದ.